ಟರ್ಕಿ ಗರಿಯೋ, ಪ್ಲಾಸ್ಟಿಕ್ಕೋ: ನನ್ನ ಬೇಟೆಬಾಣಗಳ ಲೆಕ್ಕ

ಬೇಟೆಯ ಬಾಣದ ಬಾಲಕ್ಕೆ ಹಕ್ಕಿಯ ಗರಿ ಒಳ್ಳೆಯದೋ ಪ್ಲಾಸ್ಟಿಕ್ ವೇನ್ (ಗರಿಯ ಬದಲು ಅಂಟಿಸುವ ಪಟ್ಟಿ) ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಬಿಲ್ಲು ಯಾವುದು ಅಂತ. ನನ್ನ ಹತ್ತಿರ ಎರಡಿವೆ: ಒಂದು ತುದಿಗಳು ಮುಂದಕ್ಕೆ ಬಾಗಿದ ಮರದ ರಿಕರ್ವ್, ಇನ್ನೊಂದು ಗಾಲಿಗಳಿರುವ ಕಾಂಪೌಂಡ್. ರಿಕರ್ವ್ ಬಾಣಕ್ಕೆ ಗರಿ, ಕಾಂಪೌಂಡ್ ಬಾಣಕ್ಕೆ ಪ್ಲಾಸ್ಟಿಕ್.

(ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಲೈಸೆನ್ಸ್ ಪಡೆದವರು ಶರತ್ಕಾಲದಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡಬಹುದು. ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಮಾತ್ರ ಈ ವಿಷಯ ಎತ್ತುವುದಿಲ್ಲ.)

ನನ್ನ ರಿಕರ್ವ್‌ಗೆ ಬಾಣ ಇಡಲು ಬೇರೆ ರೆಸ್ಟ್ (ಆಸರೆ) ಇಲ್ಲ. ಹಿಡಿಯ ಮೇಲೆ ಕೊರೆದಿರುವ ಕಟ್ಟೆಯ ಮೇಲೇ ಬಾಣ ಕೂರುತ್ತದೆ. ಹೆದೆ ಬಿಟ್ಟಾಗ ಬಾಣ ಬಳುಕುತ್ತಾ ಬಿಲ್ಲಿನ ಪಕ್ಕದಲ್ಲಿ ಹಾಯುತ್ತದೆ, ಅದರ ಬಾಲ ಕಟ್ಟೆಯನ್ನು ಸವರಿಕೊಂಡೇ ಹೋಗುತ್ತದೆ. ಗರಿಯಾದರೆ ಮಡಚಿಕೊಂಡು ದಾಟಿ ಮತ್ತೆ ಎದ್ದು ನಿಲ್ಲುತ್ತದೆ. ಪ್ಲಾಸ್ಟಿಕ್ ಗಡುಸು, ತಗುಲಿದರೆ ಬಾಲವನ್ನೇ ಆಚೆಗೆ ಒದೆಯುತ್ತದೆ. ತುದಿಯಲ್ಲಿ ಬೇಟೆಯ ಮೊನೆಯಾದ ಬ್ರಾಡ್‌ಹೆಡ್ ಇದ್ದರಂತೂ ಇನ್ನೂ ಕಷ್ಟ. ಅದರ ಅಗಲವಾದ ಅಲಗುಗಳೂ ಗಾಳಿ ಹಿಡಿದು ಬಾಣದ ಮೂತಿಯನ್ನು ಪಕ್ಕಕ್ಕೆ ಎಳೆಯುತ್ತವೆ. ಹಿಂದಿನಿಂದ ಸಂಭಾಳಿಸಬೇಕಾದ್ದು ಗರಿಯೇ. ಅದಕ್ಕೇ ಅಭ್ಯಾಸದ ಬಾಣಕ್ಕೆ 4 ಇಂಚಿನ ಗರಿ ಹಾಕಿದರೂ ಬೇಟೆಯ ಬಾಣಕ್ಕೆ 5 ಇಂಚಿನವು ಮೂರು, ಸುರುಳಿ ತಿರುವು ಕೊಟ್ಟು ಅಂಟಿಸುತ್ತೇನೆ.

ಕಾಂಪೌಂಡ್‌ನಲ್ಲಿ ಈ ತಕರಾರೇ ಇಲ್ಲ. ಬಾಣ ಹೊರಟೊಡನೆ ರೆಸ್ಟ್ ಕೆಳಗೆ ಬೀಳುವುದರಿಂದ ಬಾಲಕ್ಕೆ ಏನೂ ತಗಲುವುದಿಲ್ಲ. 2 ಇಂಚಿನ ಗಡುಸು ವೇನ್ ಧಾರಾಳವಾಯಿತು.

ಅಂಗಡಿಯಲ್ಲಿ ಸಿಗುವ ಗರಿ ಬಹುಪಾಲು ಟರ್ಕಿ ಕೋಳಿಯ ರೆಕ್ಕೆಯದು. ಎಡ ರೆಕ್ಕೆಯದು, ಬಲ ರೆಕ್ಕೆಯದು ಎಂದು ಬೇರೆ ಬೇರೆ ಮಾರುತ್ತಾರೆ. ಹುಟ್ಟುಬಾಗಿನಿಂದಾಗಿ ಎಡದ್ದು ಬಾಣವನ್ನು ಎಡಕ್ಕೂ ಬಲದ್ದು ಬಲಕ್ಕೂ ತಿರುಗಿಸುತ್ತದೆ. ಯಾವುದಾದರೂ ಆದೀತು, ಆದರೆ ಒಂದೇ ಬಾಣದಲ್ಲಿ ಎರಡನ್ನೂ ಬೆರೆಸಬಾರದು. ಗರಿ ಅಂಟಿಸುವ ಸಾಧನವಾದ ಜಿಗ್‌ನ ಕ್ಲಾಂಪೂ ಅದೇ ಬದಿಯದಿರಬೇಕು. ಕಾರ್ಬನ್ ಕಡ್ಡಿಯನ್ನು ಆಲ್ಕೊಹಾಲ್‌ನಿಂದ ಒರೆಸಿ, ಗರಿಯ ಬುಡಕ್ಕೆ ತೆಳುವಾಗಿ ಅಂಟು ಎಳೆದು, ಕ್ಲಾಂಪಿನಲ್ಲಿ ಒತ್ತಿ ಒಣಗಲು ಬಿಡುತ್ತೇನೆ. ಕೊನೆಗೆ ಪ್ರತಿ ಗರಿಯ ಮುಂತುದಿಗೆ ಒಂದು ತೊಟ್ಟು ಅಂಟು. ಈ ತೊಟ್ಟು ಇಲ್ಲದಿದ್ದರೆ ಗರಿ ಮುಂದಿನಿಂದ ಏಳುತ್ತದೆ, ಎದ್ದ ಮೊನೆ ಬಿಲ್ಲು ಹಿಡಿದ ಕೈಯನ್ನೇ ಗೀರುತ್ತದೆ.

ತೂಕದ ಮಾತು: 4 ಇಂಚಿನ ಗರಿ 2–3 ಗ್ರೇನ್ (ಒಂದು ಗ್ರಾಂಗೆ ಸುಮಾರು 15 ಗ್ರೇನ್), ಅಷ್ಟೇ ಉದ್ದದ ವೇನ್ ಅದರ ಮೂರು ಪಟ್ಟು. ಮೂರೂ ಸೇರಿದರೆ ವ್ಯತ್ಯಾಸ ಸುಮಾರು ಒಂದು ಗ್ರಾಂ. ಗರಿಬಾಣ ವೇಗವಾಗಿ ಹೊರಡುತ್ತದೆ, ಗಾಳಿಯ ತಡೆ ಹೆಚ್ಚಾದ್ದರಿಂದ ದೂರ ಹೋದಂತೆ ಬೇಗ ನಿಧಾನವಾಗುತ್ತದೆ. ನಾನು ಬಿಡುವುದು 20 ಗಜದೊಳಗೆ, ಹಾಗಾಗಿ ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ.

ಗರಿಯ ಸದ್ದಿಗೆ ಜಿಂಕೆ ಬೆದರುತ್ತದೆ ಎಂಬ ದೂರೊಂದಿದೆ. ಹಾರುವಾಗ ಸುಯ್ ಎನ್ನುವುದು ನಿಜ. ಆದರೆ 20 ಗಜವೆಂದರೆ 60 ಅಡಿ. ಸೆಕೆಂಡಿಗೆ 180 ಅಡಿ ಹೋಗುವ ಬಾಣಕ್ಕೆ ಅದು ಸೆಕೆಂಡಿನ ಮೂರನೇ ಒಂದು ಭಾಗದ ದಾರಿ. ಶಬ್ದ ಸೆಕೆಂಡಿಗೆ 1,100 ಅಡಿ ಓಡುತ್ತದೆ. ಬೆದರಿ ಕುಸಿಯುವ ಜಿಂಕೆ ಹೆದೆಯ ಠೇಂಕಾರಕ್ಕೇ ಕುಸಿದಿರುತ್ತದೆ. ಆ ಸದ್ದು ತಗ್ಗಿಸಲು ಹೆದೆಗೆ ಉಣ್ಣೆಯ ಗುಚ್ಛ ಕಟ್ಟಿದ್ದೇನೆ. ನಿಜವಾದ ಕಾಟ ಬತ್ತಳಿಕೆಯಲ್ಲಿ: ನಡೆಯುವಾಗ ಗರಿ ಕೊಂಬೆರೆಂಬೆಗೆ ಉಜ್ಜಿ ಸರಸರ ಎನ್ನುತ್ತದೆ.

ಗರಿಯ ದೊಡ್ಡ ವೈರಿ ನೀರು. ನೆನೆದರೆ ಕಡ್ಡಿಗೆ ಅಂಟಿಕೊಂಡು ಮಲಗುತ್ತದೆ, ಬಾಣ ಹೇಳಿದ ಮಾತು ಕೇಳುವುದಿಲ್ಲ. ನೀರು ತಡೆಯುವ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗರಿಯ ಭಾಗವನ್ನು ಅದರೊಳಗಿಟ್ಟು ಕುಲುಕುತ್ತೇನೆ. ಮಂಜು, ತುಂತುರಿಗೆ ಅಷ್ಟು ಸಾಕು. ಮಲಗಿದ ಗರಿಯನ್ನು ಮನೆಗೆ ಬಂದು ಕೆಟಲಿನ ಹಬೆಗೆ ಹಿಡಿದು ತಿರುಗಿಸಿದರೆ ಮತ್ತೆ ಎದ್ದುಕೊಳ್ಳುತ್ತದೆ. ದಿನವಿಡೀ ಮಳೆ ಎಂದು ಮುನ್ಸೂಚನೆ ಇದ್ದರೆ ರಿಕರ್ವ್ ಗೋಡೆಯ ಮೇಲೇ ಇರುತ್ತದೆ. ಅಂದು ಅಟ್ಟಣೆ ಏರುವುದು ಕಾಂಪೌಂಡ್.