ಐದು ನಿಮಿಷದೊಳಗೆ ಎದೆ ತೆರೆಯುವ ತಾಲೀಮು: ಕೋಲಾರದ ಐಸಿಯುನಲ್ಲಿ ನನ್ನ ಅನುಭವ

ಹೃದಯ ಶಸ್ತ್ರಚಿಕಿತ್ಸೆಯಾದ ರೋಗಿಗೆ ಐಸಿಯುನಲ್ಲಿ ಹೃದಯಸ್ತಂಭನವಾಗಿ, ಮೊದಲ ಕ್ರಮಗಳಿಗೆ ಹೃದಯ ಮರಳದಿದ್ದರೆ ಐದು ನಿಮಿಷದೊಳಗೆ ಎದೆಯನ್ನು ಮತ್ತೆ ತೆರೆಯಬೇಕು ಎಂಬ ಕ್ರಮವನ್ನು ನಾನು ಮುಂದಿಟ್ಟಾಗ, "ಸಿಸ್ಟರ್, ಇದೆಲ್ಲ ಕೋಲಾರದಲ್ಲಿ ಆಗುವ ಕೆಲಸವಲ್ಲ" ಎಂದವರಲ್ಲಿ ಬಹುಪಾಲು ನಮ್ಮವರೇ ಇದ್ದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನಮ್ಮ ಸರ್ಜನ್ನರು ಬೆಂಗಳೂರಿನಿಂದ ಬಂದು, ಸಂಜೆ ರೋಗಿಯ ಸ್ಥಿತಿ ನೆಲೆಗೊಂಡ ಮೇಲೆ ಹಿಂದಿರುಗುತ್ತಾರೆ. ರಾತ್ರಿ ನಾವು ಫೋನು ಮಾಡುವ ಹೊತ್ತಿಗೆ ಅವರು ಹೊಸಕೋಟೆ ದಾಟಿರುತ್ತಾರೆ. ಆದರೆ ಆ ಕಾರಣಕ್ಕಾಗಿಯೇ ಈ ಕ್ರಮ ದೊಡ್ಡ ಊರಿನವರಿಗಿಂತ ನಮಗೇ ಹೆಚ್ಚು ಬೇಕು ಎಂಬುದು ನನ್ನ ಹಟವಾಗಿತ್ತು.

ವೈದ್ಯರ ಸಂಘಗಳೆಂದರೆ ಸಮ್ಮೇಳನ, ಊಟ, ಚೀಲ ಹಂಚುವುದು ಎಂದು ತಿಳಿದಿದ್ದ ನನಗೆ, ಅಮೆರಿಕದ ಎದೆಯ ಶಸ್ತ್ರವೈದ್ಯರ ಸಂಘವಾದ ಸೊಸೈಟಿ ಆಫ್ ಥೊರಾಸಿಕ್ ಸರ್ಜನ್ಸ್ 2017ರಲ್ಲಿ ಪ್ರಕಟಿಸಿದ ಒಮ್ಮತದ ಸೂಚನೆಗಳು ಬೇರೆಯಾಗಿಯೇ ಕಂಡವು. ಯುರೋಪಿನ ಸಂಘ ಇಂಥದೇ ಮಾರ್ಗಸೂಚಿಯನ್ನು 2009ರಲ್ಲಿ ಹೊರತಂದಿತ್ತು. ಎರಡರಲ್ಲೂ ಇಂಗ್ಲೆಂಡಿನ ಶಸ್ತ್ರವೈದ್ಯ ಜೋಯೆಲ್ ಡನ್ನಿಂಗ್ ಅವರ ಪಾಲಿದೆ. ಸರ್ಜನ್ನರ ಸಂಘವಾಗಿದ್ದರೂ ಅಮೆರಿಕದ ಸಂಘವು ಮಸಾಜ್ (ಎದೆಯನ್ನು ಒತ್ತುವುದು), ಉಸಿರಾಟ, ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ), ಮುಂದಾಳತ್ವ, ಔಷಧಿ, ಹೊರಗಿನ ಸಂಯೋಜನೆ ಎಂದು ಆರು ಪಾತ್ರಗಳನ್ನು ಹಾಸಿಗೆಯ ಸುತ್ತ ನಿಲ್ಲುವವರಿಗೆಲ್ಲ ಹಂಚಿಕೊಟ್ಟಿದೆ. ಸರ್ಜನ್ ಇಲ್ಲದಿದ್ದರೂ ತರಬೇತಿ ಪಡೆದವರು ಎದೆ ತೆರೆಯಬಹುದು ಎಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಅದು ಡ್ಯೂಟಿ ಡಾಕ್ಟರ ಕೆಲಸ, ಗೌನು ತೊಟ್ಟು ಎದುರಿಗೆ ನಿಲ್ಲುವುದು ಸಿಸ್ಟರ ಕೆಲಸ ಎಂದು ಆಡಳಿತ ಮಂಡಳಿಯಿಂದ ಬರೆಸಿಕೊಳ್ಳುವಷ್ಟರಲ್ಲಿ ಸುಮಾರು ಅರ್ಧ ವರ್ಷ ಕಳೆಯಿತು.

ಹಣದ ಕಥೆ ಇನ್ನೂ ದೊಡ್ಡದು. ಅಭ್ಯಾಸದ ಬೊಂಬೆಗೆ ಬಂದ ಕೊಟೇಶನ್ ಲಕ್ಷ ದಾಟಿದ್ದರಿಂದ ಬೊಂಬೆಯನ್ನು ನಾನೇ ಮಾಡಿಸಿದೆ. ಮೊದಲು ಮಾಂಸದಂಗಡಿಯಿಂದ ಮೇಕೆಯ ಎದೆಭಾಗ ತರಿಸಿದೆವು. ಅದರ ಎಲುಬು ಕಿರಿದಾದುದರಿಂದ, ಶಸ್ತ್ರಚಿಕಿತ್ಸೆಯ ಬಳಿಕ ಎದೆಮೂಳೆಯನ್ನು ಹೊಲಿಯುವ ತಂತಿ (ಸ್ಟರ್ನಲ್ ವೈರ್) ನಮ್ಮ ರೋಗಿಗಳಲ್ಲಿ ಕೂರುವಂತೆ ಕೂರಲಿಲ್ಲ, ಮೇಲಾಗಿ ವಾಸನೆಗೆ ಹೌಸ್‌ಕೀಪಿಂಗ್‌ನವರು ಜಗಳಕ್ಕೇ ಬಂದರು. ಆಮೇಲೆ ಬಡಗಿಯಿಂದ ನೀಲಗಿರಿ ಪಟ್ಟಿ ತಂದರೆ ತಂತಿ ಬಿಗಿಯುತ್ತಲೇ ಸೀಳಿತು. ಸಿಲ್ವರ್ ಓಕ್ ತಾಳಿತು. ಅದನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ರಂಧ್ರ ಕೊರೆಯಿಸಿ, ಅವಧಿ ಮೀರಿದ ಸ್ಟರ್ನಲ್ ವೈರ್‌ಗಳಿಂದ ಹೊಲಿದು, ಮೇಲೆ ಫೋಮು, ಅದರ ಮೇಲೆ ಆಟೋ ಸೀಟಿಗೆ ಹಾಕುವ ರೆಕ್ಸಿನ್ ಹೊದಿಸಿದೆವು. ಎಲ್ಲ ಸೇರಿ ಮೂರು ಸಾವಿರದ ಒಳಗೇ ಮುಗಿಯಿತೆಂದು ನೆನಪು.

ಬೊಂಬೆಯ ಮೇಲಿನ ಅಭ್ಯಾಸದಲ್ಲಿ ನಮ್ಮನ್ನು ನಿಜಕ್ಕೂ ಸತಾಯಿಸಿದ್ದು ಈ ತಂತಿ ಕತ್ತರಿಸುವ ವೈರ್ ಕಟರ್. ಥಿಯೇಟರಿನಿಂದ ಎರವಲು ತಂದದ್ದು ಮೊಂಡಾಗಿತ್ತು; ತಂತಿ ತುಂಡಾಗದೆ ಬಾಗಿ ಅದರ ಬಾಯೊಳಗೇ ಸಿಕ್ಕಿಕೊಂಡಿತು, ಡಾಕ್ಟರು ಅದನ್ನು ಬಿಡಿಸುತ್ತಿರುವಾಗ ಗಡಿಯಾರ ಏಳು ನಿಮಿಷ ದಾಟಿತು. ಏಳೆಂಟು ಸಾವಿರ ಕೊಟ್ಟು ಹೊಸದನ್ನು ತಂದು, ಬ್ಲೇಡು, ಗಟ್ಟಿ ನೀಡಲ್ ಹೋಲ್ಡರ್, ಎದೆಯನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್, ರಕ್ತ ಹೀರುವ ಸಕ್ಷನ್ ತುದಿ, ಇಡೀ ಹಾಸಿಗೆ ಮುಚ್ಚುವ ಒಂದೇ ಡ್ರೇಪ್, ಇಷ್ಟನ್ನೇ ಪೆಟ್ಟಿಗೆಗೆ ತುಂಬಿ, ವಿದ್ಯುತ್ ಮೀಟರಿಗೆ ಹಾಕುವಂಥ ಪ್ಲಾಸ್ಟಿಕ್ ಸೀಲು ಹಾಕಿದೆ. ಸೀಲು ಬಿದ್ದ ಮೇಲೆ ಎರವಲು ನಿಂತಿತು. ಇಡೀ ಸ್ಟರ್ನಲ್ ಸೆಟ್ಟೇ ಬೇಕೆಂದು ವಾದಿಸಿದವರಿಗೆ, ಅದರಲ್ಲಿ ಬೇಕಾದ ಸಲಕರಣೆ ಹುಡುಕುವಷ್ಟರಲ್ಲಿ ಒಂದು ನಿಮಿಷ ಹೋಗುವುದನ್ನು ಬೊಂಬೆಯ ಮೇಲೆಯೇ ತೋರಿಸಿದೆ.

ಔಷಧಿಯ ವಿಚಾರದಲ್ಲಿ ಹಳೆಯ ಅಭ್ಯಾಸ ಬಿಡಿಸುವುದು ಕಷ್ಟವಾಯಿತು. ಬೇರೆ ವಾರ್ಡುಗಳಲ್ಲಿ ಕೈ ತಾನಾಗಿಯೇ ಒಂದು ಮಿಲಿಗ್ರಾಂ ಅಡ್ರಿನಲಿನ್‌ಗೆ ಹೋಗುತ್ತದೆ. ಇಲ್ಲಿ ಹೃದಯ ಮರಳಿದ ಕೂಡಲೇ ರಕ್ತದೊತ್ತಡ ಜಿಗಿದು ಹೊಸ ಹೊಲಿಗೆಗಳು ಹರಿಯಬಹುದಾದುದರಿಂದ ಪೂರ್ಣ ಪ್ರಮಾಣ ಬೇಡವೆಂದು ಸೂಚನೆ ಹೇಳುತ್ತದೆ. ವಿಎಫ್ (ಹೃದಯ ಸರಿಯಾಗಿ ಬಡಿಯದೆ ಬರೀ ಕಂಪಿಸುವುದು) ಆದರೆ ಒಂದು ನಿಮಿಷದೊಳಗೆ ಕೊಡಲಾಗುವುದಾದರೆ ಮೊದಲು ಮೂರು ಶಾಕ್, ಅಸಿಸ್ಟೋಲ್ (ಹೃದಯದ ವಿದ್ಯುತ್ ಚಟುವಟಿಕೆಯೇ ನಿಲ್ಲುವುದು) ಆದರೆ ಮೊದಲು ಪೇಸಿಂಗ್ (ವಿದ್ಯುತ್ ಮಿಡಿತ ಕೊಟ್ಟು ಹೃದಯ ಬಡಿಸುವುದು), ಅನಂತರ ಮಸಾಜ್. ಪಿಇಎ (ವಿದ್ಯುತ್ ಚಟುವಟಿಕೆ ಇದ್ದರೂ ನಾಡಿ ಸಿಗದಿರುವುದು) ಆದರೆ ಮಾತ್ರ ತಕ್ಷಣ ಮಸಾಜ್. ಮಸಾಜ್ ಸಾಲುತ್ತಿದೆಯೇ ಎಂಬುದನ್ನು ಆರ್ಟ್ ಲೈನ್ (ರಕ್ತನಾಳದೊಳಗಿನಿಂದ ಒತ್ತಡ ಅಳೆಯುವ ನಳಿಕೆ) ನೋಡಿಯೇ ತಿಳಿಯಬೇಕು, ಸಿಸ್ಟಾಲಿಕ್, ಅಂದರೆ ಮೇಲಿನ ಒತ್ತಡ, 60 ದಾಟಬೇಕು.

ರಾತ್ರಿ ಪಾಳಿಯ ನಾಲ್ವರಿಗೆ ಆರು ಪಾತ್ರಗಳನ್ನು ಹೇಗೆ ಹೊಂದಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹಾಸಿಗೆಯ ಸುತ್ತಲಿನ ಜಾಗ ನೋಡದೆ ನಕಲು ಮಾಡಿದರೆ ಕೆಡುತ್ತದೆ. ಬಂದವರಿಗೆ ನಿಲ್ಲಿಸಿಯೇ ತೋರಿಸುತ್ತೇನೆ.

ಒಂದು ರಾತ್ರಿ, ಬೈಪಾಸ್ ಆದ ರೋಗಿಯೊಬ್ಬರ ಡ್ರೈನ್ (ಎದೆಯಿಂದ ರಕ್ತ ಹೊರಹರಿಸುವ ನಳಿಕೆ) ಇದ್ದಕ್ಕಿದ್ದಂತೆ ನಿಂತು, ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳದ ಒತ್ತಡ) ಏರಿ, ರಕ್ತದೊತ್ತಡ ಕುಸಿದು ಪಿಇಎಗೆ ಹೋಯಿತು. ಮಸಾಜ್ ಆರಂಭವಾದಾಗಲೇ ಇಬ್ಬರು ಕೈ ತೊಳೆಯದೆ ಗೌನು, ಗ್ಲೌಸು ತೊಟ್ಟಿದ್ದರು. ಸೀಲು ಮುರಿದಾಗಿನಿಂದ ರಿಟ್ರ್ಯಾಕ್ಟರ್ ಅಗಲಿಸುವವರೆಗೆ ಯಾರೂ ಏನನ್ನೂ ಹುಡುಕಲಿಲ್ಲ. ಸುಮಾರು ನಾಲ್ಕು ನಿಮಿಷಕ್ಕೆ ಹೃದಯವನ್ನು ಒತ್ತುತ್ತಿದ್ದ ಹೆಪ್ಪುಗಟ್ಟಿದ ರಕ್ತ ಹೊರಬಂದು ಮಾನಿಟರಿನಲ್ಲಿ ಒತ್ತಡದ ಟ್ರೇಸ್ ಮರಳಿತು. ಸರ್ಜನ್ ದಾರಿಯಿಂದಲೇ ತಿರುಗಿ ಬಂದು ರಕ್ತ ಸೋರುತ್ತಿದ್ದ ಜಾಗಕ್ಕೆ ಹೊಲಿಗೆ ಹಾಕಿದರು. ರೋಗಿ ನಡೆದುಕೊಂಡೇ ಮನೆಗೆ ಹೋದರು. ಮೊದಲು ತಲೆಯಾಡಿಸಿದ್ದವರು ಈಗ ಎರಡನೆಯ ಪೆಟ್ಟಿಗೆಗೂ ಸಹಿ ಹಾಕಿದ್ದಾರೆ. ಆದರೆ ಅದರ ಕಟರ್ ಖರೀದಿಯನ್ನು ಸ್ಟೋರಿಗೆ ಬಿಡದೆ, ನಾನೇ ಅಂಗಡಿಗೆ ಹೋಗಿ ಒಂದು ತಂತಿಯನ್ನು ತುಂಡರಿಸಿ ನೋಡಿಯೇ ತರುವೆನೆಂದು ಹೇಳಿದ್ದೇನೆ.