ಕೀಟೋ ಪಥ್ಯದ ಮಗುವಿಗೆ ಮೂತ್ರದಲ್ಲಿ ಕಲ್ಲಾಗದಂತೆ ನೋಡಿಕೊಳ್ಳುವುದು ಹೇಗೆ?

ಔಷಧಕ್ಕೆ ಬಗ್ಗದ ಅಪಸ್ಮಾರಕ್ಕೆ (ಫಿಟ್ಸ್) ಕೊಡುವ, ಕೊಬ್ಬು ಹೆಚ್ಚು, ಪಿಷ್ಟ–ಸಕ್ಕರೆ ತೀರಾ ಕಡಿಮೆ ಇರುವ ಕೀಟೋಜೆನಿಕ್ (ಕೀಟೋ) ಪಥ್ಯದಲ್ಲಿರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 3ರಿಂದ 7 ಮಕ್ಕಳಿಗೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್‌ಗಳಿಂದ ರಕ್ತದಲ್ಲಿ ಆಮ್ಲ ಹೆಚ್ಚಿದಾಗ ಮೂಳೆಯ ಕ್ಯಾಲ್ಸಿಯಂ ಮೂತ್ರಕ್ಕೆ ಇಳಿಯುತ್ತದೆ. ಹರಳುಗಟ್ಟುವುದನ್ನು ತಡೆಯುವ ಸಿಟ್ರೇಟ್ ಕಡಿಮೆಯಾಗುತ್ತದೆ. ಮೂತ್ರ ಆಮ್ಲೀಯವಾದರೆ ಯೂರಿಕ್ ಆಮ್ಲದ ಕಲ್ಲಿಗೂ ದಾರಿಯಾಗುತ್ತದೆ. ಜತೆಗೆ ಫಿಟ್ಸ್‌ಗೆ ಟೋಪಿರಮೇಟ್ ಅಥವಾ ಝೋನಿಸಮೈಡ್ ಮಾತ್ರೆ ನಡೆಯುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು.

ಮೊದಲ ಕೆಲಸ, ನೀರಿನ ಲೆಕ್ಕ. ತೂಕದ ಮೊದಲ 10 ಕಿಲೋಗೆ ಕಿಲೋಗೆ 100 ಮಿಲಿ, ನಂತರದ 10 ಕಿಲೋಗೆ ಕಿಲೋಗೆ 50 ಮಿಲಿ, ಅದಕ್ಕೂ ಮೇಲಿನ ಪ್ರತಿ ಕಿಲೋಗೆ 20 ಮಿಲಿ. 14 ಕಿಲೋ ಮಗುವಿಗೆ ದಿನಕ್ಕೆ 1,200 ಮಿಲಿ. ಬೆಳಿಗ್ಗೆಯೇ ಅಷ್ಟನ್ನೂ ಅಳೆದು ಬಾಟಲಿಯಲ್ಲಿಟ್ಟು, ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಜ್ವರ, ಬೇಧಿ ಇದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ.

ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ನೀರು ಕುಡಿದ ಮೇಲೆ ಮೂತ್ರ ತೆಳುವಾಗಿ, ಅದರಲ್ಲಿ ಅದ್ದಿ ಕೀಟೋನ್ ನೋಡುವ ಪಟ್ಟಿಯ ನೇರಳೆ ಬಣ್ಣ ಮಸುಕಾಗುತ್ತದೆ. ಕೀಟೋನ್ ಇಳಿಯಿತೆಂದು ಹೆದರಿ ನೀರು ಕಡಿಮೆ ಮಾಡಲೇಬೇಡಿ. ದಿನವೂ ಒಂದೇ ಹೊತ್ತಿಗೆ, ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡಿ. ಅನುಮಾನವಿದ್ದರೆ ರಕ್ತದ ಕೀಟೋನ್ ಪರೀಕ್ಷೆ ಹೆಚ್ಚು ಖಚಿತ.

ಎರಡನೆಯದು ಪೊಟ್ಯಾಸಿಯಂ ಸಿಟ್ರೇಟ್. ಪಥ್ಯದ ಆರಂಭದಿಂದಲೇ ಕೊಡಬೇಕೇ ಎಂದು ವೈದ್ಯರನ್ನು ಕೇಳಿ. ಸಾಮಾನ್ಯ ಪ್ರಮಾಣ ದಿನಕ್ಕೆ ಕಿಲೋಗೆ 2 ಮಿಲಿಈಕ್ವಿವಲೆಂಟ್ (mEq, ಔಷಧದ ಅಳತೆ; ಮಿಲಿಲೀಟರ್ ಅಲ್ಲ), ಎರಡು ಹೊತ್ತಿಗೆ ಹಂಚಿ. ಮೂತ್ರಪಿಂಡದ ತೊಂದರೆ ಇದ್ದರೆ ಪೊಟ್ಯಾಸಿಯಂ ಅಪಾಯಕಾರಿ, ಹಾಗಾಗಿ ನೀವಾಗಿಯೇ ಕೊಡಬೇಡಿ. ಸಿರಪ್ ಆದರೆ ಸಕ್ಕರೆರಹಿತವೇ ಆಗಿರಲಿ, ಇಲ್ಲವಾದರೆ ಪಥ್ಯವೇ ಕೆಡುತ್ತದೆ.

ಪ್ರತಿ ಭೇಟಿಯಲ್ಲೂ ಮೂತ್ರದ ಕ್ಯಾಲ್ಸಿಯಂ–ಕ್ರಿಯೇಟಿನಿನ್ ಅನುಪಾತ ಕೇಳಿ ತಿಳಿದುಕೊಳ್ಳಿ. ದೊಡ್ಡ ಮಕ್ಕಳಲ್ಲಿ ಅದು 0.2 (ಎರಡನ್ನೂ ಮಿಲಿಗ್ರಾಂನಲ್ಲಿ ಅಳೆದಾಗ) ದಾಟಿದರೆ ಹೆಚ್ಚು ಎಂದರ್ಥ. ಎಳೆಯ ಶಿಶುಗಳ ಮಿತಿ ಇದಕ್ಕಿಂತ ಮೇಲಿದೆ. ಅನುಮಾನ ಬಂದರೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ.

ಮನೆಯಲ್ಲಿ ಡೈಪರ್ ಬಿಸಾಡುವ ಮುನ್ನ ಬೆರಳಾಡಿಸಿ ನೋಡಿ: ಮರಳಿನಂತೆ ತರಿತರಿ ಸಿಕ್ಕರೆ ಅದನ್ನೇ ಎತ್ತಿಟ್ಟು ವೈದ್ಯರಿಗೆ ತೋರಿಸಿ. ಮಾತು ಬಾರದ ಮಗು ನೋವು ಹೇಳದು. ಕಾರಣವಿಲ್ಲದ ಅಳು, ವಾಂತಿ, ಊಟ ಬೇಡವೆನ್ನುವುದೇ ಸೂಚನೆ. ಕೆಂಪು ಮೂತ್ರ ಕಂಡರೆ ಅಂದೇ ತೋರಿಸಿ. ಜ್ವರದೊಂದಿಗೆ ಪಕ್ಕೆನೋವು ಬಂದರೆ, ಮೂತ್ರ ನಿಂತರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಡ್ರಿಪ್ ಹಾಕುವ ಮುನ್ನವೇ ಮಗು ಕೀಟೋ ಪಥ್ಯದಲ್ಲಿದೆ ಎಂದು ಹೇಳಿ. ಗ್ಲೂಕೋಸ್ ಹೋದರೆ ಕೀಟೋನ್ ಕುಸಿದು ಫಿಟ್ಸ್ ಮರಳಬಹುದು. ಕಲ್ಲು ಕಂಡಿತೆಂದು ಪಥ್ಯವನ್ನು ಥಟ್ಟನೆ ನಿಲ್ಲಿಸಬೇಡಿ. ಬಹಳಷ್ಟು ಮಕ್ಕಳು ಕಲ್ಲಿಗೆ ಚಿಕಿತ್ಸೆ ಪಡೆಯುತ್ತಲೇ ಅದನ್ನು ಮುಂದುವರಿಸುತ್ತಾರೆ.