ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಎದ್ದು ಬಂದ ‘ನಾಂದಿ’

ಬೂಷ್ಟು ಹಿಡಿದ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಿದರೆ ವಿಸಿಆರ್ ಕೂಡ ಕೆಟ್ಟುಹೋಗುತ್ತದೆ, ಸುಮ್ಮನೆ ಗುಜರಿಗೆ ಹಾಕು ಎಂದವರು ಮೂವರು. ಮೂವರೂ ನನಗಿಂತ ಹಳಬರು, ಹಳೆ ಕ್ಯಾಸೆಟ್ಟಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ಈ ಕೆಲಸದಲ್ಲಿ ಕೈ ಪಳಗಿದವರು. ಕಳೆದ ತಿಂಗಳು ಅವರಲ್ಲಿ ಇಬ್ಬರು ನಮ್ಮ ಮನೆಯ ಗೋಡೆಯ ಮೇಲೆ ಎನ್. ಲಕ್ಷ್ಮೀನಾರಾಯಣರ ‘ನಾಂದಿ’ ಚಿತ್ರವನ್ನು ಪೂರ್ತಿ ನೋಡಿ, ಕಾಫಿ ಕುಡಿದು ಹೋದರು. ಮೂರನೆಯವರಿಗೂ ಹೇಳಿಕಳಿಸಿದ್ದೆ, ಬರಲಿಲ್ಲ.

ಕ್ಯಾಸೆಟ್ಟುಗಳು ನನ್ನ ಸೋದರಮಾವನವು. ದೂರದರ್ಶನದಲ್ಲಿ ಕನ್ನಡ ಚಿತ್ರ ಬರುವ ದಿನ ಅವರು ರಿಮೋಟ್ ಹಿಡಿದು ಕೂರುತ್ತಿದ್ದರು. ಜಾಹೀರಾತು ಬಂದರೆ ಪಾಜ್, ಮುಗಿದರೆ ಮತ್ತೆ ರೆಕಾರ್ಡ್. ಒಟ್ಟು ನಲವತ್ತಮೂರು ಕ್ಯಾಸೆಟ್ಟು. ಎಲ್ಲವೂ ಮಲೆನಾಡಿನ ಮನೆಯ ಅಟ್ಟದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಳೆದಿದ್ದವು. ಇನ್ನೊಂದು ಗ್ರಹಚಾರವೆಂದರೆ ಕ್ಯಾಸೆಟ್ ಉಳಿಸಲು ಮಾವ ಅರ್ಧಕ್ಕರ್ಧ ಚಿತ್ರಗಳನ್ನು ಎಲ್‌ಪಿ ವೇಗದಲ್ಲಿ, ಅಂದರೆ ಟೇಪು ಅರ್ಧ ವೇಗದಲ್ಲಿ ಓಡುವಂತೆ, ಹಿಡಿದಿದ್ದರು. ಮೂರು ಗಂಟೆಯ ಇ-180 ಕ್ಯಾಸೆಟ್ಟಿನಲ್ಲಿ ಎರಡೆರಡು ಚಿತ್ರ. ಅಲುಗುವ ಚಿತ್ರವನ್ನು ನೆಟ್ಟಗಾಗಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ಬೆರಳು ನೊಂದವರಿಗೆ ಇದರ ಕಷ್ಟ ಗೊತ್ತು.

ಮೊದಲ ವಿಸಿಆರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಮಾರು ಸಾವಿರದ ಎಂಟುನೂರಕ್ಕೆ ಸಿಕ್ಕಿತು. ಎರಡನೆಯ ಕ್ಯಾಸೆಟ್ಟಿಗೇ ಟೇಪನ್ನು ನುಂಗಿ ಕೂತಿತು. ಎರಡನೆಯದಕ್ಕೆ ಮೂರೂವರೆ ಸಾವಿರ ಕೊಟ್ಟೆ. ಅದರಲ್ಲಿ ಟೇಪ್ ಓದುವ ಹೆಡ್ ಸವೆದಿದೆ ಎಂದು ಮಾರಿದವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕೊನೆಗೆ ನಡುಗುವ ಚಿತ್ರವನ್ನು ಸರಿಪಡಿಸುವ ಟಿಬಿಸಿ ಇರುವ ಎಸ್-ವಿಎಚ್‌ಎಸ್ ವಿಸಿಆರ್ ಒಂದಕ್ಕೆ ಹದಿನಾಲ್ಕು ಸಾವಿರದಷ್ಟು ಸುರಿದೆ. ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಒಂಬೈನೂರು ರೂಪಾಯಿಯ ಕ್ಯಾಪ್ಚರ್ ಕಡ್ಡಿಯ ಕಥೆ ಬೇಡ. ಅರ್ಧ ಗಂಟೆಯೊಳಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಚಿತ್ರ ಒಂಚೂರೂ ಕೆಡದಂತೆ ಕುಗ್ಗಿಸಿ ಹಿಡಿದರೂ ಗಂಟೆಗೆ ಮೂವತ್ತು ಜಿಬಿಯಷ್ಟಾಗುತ್ತದೆ, ಆದ್ದರಿಂದ ಡಿಸ್ಕ್‌ಗೆ ಮತ್ತೊಂದು ಒಂಬತ್ತು ಸಾವಿರ. ಮನೆಯಲ್ಲಿ ಹೇಳಿದ ಲೆಕ್ಕ ಇದರ ಅರ್ಧ.

ಬೂಷ್ಟು ತೆಗೆಯುವುದಕ್ಕೆ ಚಿಪ್ಪು ಬಿಚ್ಚಿ, ಸುರುಳಿಗಳನ್ನು ಒಣಗಿಸಿ, ಮೋಟಾರ್ ಜೋಡಿಸಿದ ಚೌಕಟ್ಟಿನ ಮೇಲೆ ನಿಧಾನವಾಗಿ ಸುತ್ತಿಸುತ್ತಾ ಒರೆಸಿದೆ. ಮೂಗಿಗೆ ಮಾಸ್ಕ್ ಕಟ್ಟದೆ ಮಾಡಿದ್ದಕ್ಕೆ ಒಂದು ವಾರ ಕೆಮ್ಮಿದೆ. ಒರೆಸುವ ಬಟ್ಟೆ ಯಾವುದು, ಟೇಪಿಗೆ ಎಷ್ಟು ಬಿಗಿ ಕೊಡಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಲಿಯಲು ನಾನು ಆರು ಕ್ಯಾಸೆಟ್ ಕಳೆದುಕೊಂಡಿದ್ದೇನೆ. ನಲವತ್ತಮೂರರಲ್ಲಿ ಮೂವತ್ತೊಂದು ಉಳಿದವು. ಇದಕ್ಕಿಂತ ಹೆಚ್ಚು ಉಳಿಸಿದವರಿದ್ದರೆ ಮುಂದೆ ಬರಲಿ.

ಎನ್. ಲಕ್ಷ್ಮೀನಾರಾಯಣರ ಮೇಲೆ ನನಗೆ ವಿಶೇಷ ಪಕ್ಷಪಾತವಿದೆ. ಪುಟ್ಟಣ್ಣನವರ ಹೆಸರು ಎಲ್ಲರ ಬಾಯಲ್ಲಿದೆ, ಇರಬೇಕಾದ್ದೇ. ಆದರೆ 1964ರಲ್ಲೇ ‘ನಾಂದಿ’, 1969ರಲ್ಲಿ ಚದುರಂಗರ ಕಾದಂಬರಿಯಿಂದ ‘ಉಯ್ಯಾಲೆ’, 1973ರಲ್ಲಿ ತೇಜಸ್ವಿಯವರ ಕಥೆಯಿಂದ ‘ಅಬಚೂರಿನ ಪೋಸ್ಟಾಫೀಸು’ ಮಾಡಿದ ಮನುಷ್ಯನನ್ನು ನಾವು ಎಷ್ಟು ಸಲ ನೆನೆಯುತ್ತೇವೆ? ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಹೀಗಿರುವಾಗ ಅಟ್ಟದ ಬೂಷ್ಟನ್ನು ಗುಜರಿಗೆ ಹಾಕಲು ನನಗಂತೂ ಕೈ ಬರಲಿಲ್ಲ.

‘ಉಯ್ಯಾಲೆ’ಯ ಮೇಲೆ ಒಂದು ಅಡ್ಡ ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆ. ಚಿತ್ರದ ಮೇಲಿನ ಕಾಳು ಅಳಿಸುವ ಫಿಲ್ಟರನ್ನು ಸ್ವಲ್ಪ ಜೋರಾಗಿ ಹಾಕಿದೆ. ಕಲ್ಪನಾ ಅವರ ಮುಖ ಮೇಣದ ಗೊಂಬೆಯಾಯಿತು. ಆ ಚಿತ್ರದಲ್ಲಿ ಅರ್ಧ ಮಾತನ್ನು ಅವರ ಕಣ್ಣೇ ಆಡುತ್ತದೆ, ಅದೇ ಹೋದರೆ ಉಳಿಯುವುದೇನು? ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಈಗ ಗೀರು, ಕಾಳು ಎಲ್ಲವೂ ಇವೆ, ಕಲ್ಪನಾ ಕೂಡ ಇದ್ದಾರೆ.

ನಿಜವಾದ ಜಗಳ ನಡೆದದ್ದು ವೇಗದ ವಿಷಯದಲ್ಲಿ. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ನಮ್ಮ ದೇಶದ ಪಾಲ್ ಪದ್ಧತಿಯ ಟಿವಿಯಲ್ಲಿ 25. ಟಿವಿಯಿಂದ ಹಿಡಿದ ಚಿತ್ರ ನೂರಕ್ಕೆ ನಾಲ್ಕರಷ್ಟು ಅವಸರದಲ್ಲಿ ಓಡುತ್ತದೆ, ದನಿಯೂ ಮೇಲೇರುತ್ತದೆ. ನಾಲ್ಕು ಪರ್ಸೆಂಟು ಯಾವ ಕಿವಿಗೆ ಕೇಳುತ್ತದೆ ಎಂದು ಆ ಮೂವರೂ ನಕ್ಕಿದ್ದರು. ‘ನಾಂದಿ’ಯ ‘ಹಾಡೊಂದ ಹಾಡುವೆ’ ಬಂದಾಗ ಮಾವ ಹಾರ್ಮೋನಿಯಂ ಮೇಲೆ ಬೆರಳಿಟ್ಟರು. ಪಿ.ಬಿ. ಶ್ರೀನಿವಾಸರ ದನಿ ಯಾವ ಸ್ವರದ ಮನೆಯಲ್ಲೂ ಕೂರಲಿಲ್ಲ, ಎರಡರ ನಡುವೆ ತೂಗುತ್ತಿತ್ತು. 24ಕ್ಕೆ ಇಳಿಸಿದೆ. ಚಿತ್ರ ಗಂಟೆಗೆ ಎರಡೂವರೆ ನಿಮಿಷದಷ್ಟು ಉದ್ದವಾಯಿತು, ಹಾಡು ಮಾತ್ರ ಹಾಗೆಯೇ ತೂಗುತ್ತಿತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ವೇಗ ಇಳಿಸಿದರೂ ಶ್ರುತಿ ಬದಲಾಗದಂತೆ ಕಾಯುವ ಗುಂಡಿಯೊಂದು ತಂತ್ರಾಂಶದಲ್ಲಿ ತಾನಾಗಿಯೇ ಒತ್ತಿಕೊಂಡಿತ್ತು! ಅದನ್ನು ಆರಿಸಿ ಚಿತ್ರವನ್ನು ಮತ್ತೆ 24ಕ್ಕೆ ಇಳಿಸಿದೆ. ಮಾವ ಬೆರಳಿಟ್ಟ ಮನೆಯಲ್ಲೇ ದನಿ ಬಂದು ಕೂತಿತು. ಎಲ್ಲ ಕ್ಯಾಸೆಟ್ಟಿಗೂ ಈ ಲೆಕ್ಕ ಹೊಂದಲಿಲ್ಲ. ನಾಲ್ಕೈದಕ್ಕೆ ಬೇರೆ ಉಪಾಯ ಮಾಡಿದ್ದೇನೆ, ಅದು ಇನ್ನೊಮ್ಮೆ.

ಮಾವನಿಗೆ ಈಗ ಎಂಬತ್ತೆರಡು. ಅವರು ಪಾಜ್ ಒತ್ತಲು ಮರೆತಿದ್ದ ಒಂದೇ ಒಂದು ಕಡೆ ಸೋಪಿನ ಜಾಹೀರಾತು ಉಳಿದಿತ್ತು, ಅದನ್ನು ನಾನು ಕತ್ತರಿಸಿದ್ದೆ. ಚಿತ್ರ ಮುಗಿದ ಮೇಲೆ ಅವರು ಕೇಳಿದ್ದು ಅದೊಂದೇ: “ಏನೋ, ಆ ಸೋಪಿನ ಹುಡುಗಿ ಎಲ್ಲಿ ಹೋದಳು?”

ಮರುದಿನ ಮತ್ತೆ ಸೇರಿಸಿಕೊಟ್ಟೆ, ಅದನ್ನು ಮಾತ್ರ 25ರಲ್ಲೇ.